ರೋಗಿಯ ರಕ್ತದಿಂದಲೇ ಮದ್ದು

ಕೆಂಪೇಗೌಡರ ಸಮಾಧಿಯಿರುವ ಮಾಗಡಿ ಸೀಮೆಯ ಕೆಂಪಾಪುರವಾಗಲಿ, ಚನ್ನಪಟ್ಟಣ, ಕನಕಪುರಗಳ ಹಳ್ಳಿಗಳಾಗಲಿ, ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದ ಕೂಡಲೇ ಮನೆಯವರ ಬಾಯಲ್ಲಿ ಬರುವ ಹೆಸರು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಅದೇ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಈಗ ರೋಗಿಯ ರಕ್ತಕಣದಿಂದಲೇ ಮದ್ದು ತಯಾರಾಗುತ್ತಿದೆ. ಅದು ಇಲ್ಲಿಗೆ ಬಂದು ಮುಟ್ಟಿದ ದಾರಿ ಬಹಳ ಉದ್ದದ್ದು.

1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, ಗೆಡ್ಡೆಯಿದ್ದ ರೋಗಿಗೆ ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಿದರು. ವಿಪರೀತ ಜ್ವರ ಬಂತು, ಗೆಡ್ಡೆ ಕುಗ್ಗಿತು. ಆದರೆ ಈ ಚಿಕಿತ್ಸೆ ಎಲ್ಲರಿಗೂ ಒಗ್ಗಲಿಲ್ಲ. ರೇಡಿಯೇಷನ್ ಬಂದ ಮೇಲೆ ಅದು ಹಿಂದೆ ಸರಿಯಿತು.

ಮೈಯ ರೋಗನಿರೋಧಕ ಪಡೆಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಯೋಚನೆ ಮಾತ್ರ ಉಳಿಯಿತು. ಆ ಪಡೆಯ ಬಿಳಿ ರಕ್ತಕಣಗಳಾದ ಟಿ ಕಣಗಳಿಗೆ ಕೊಲ್ಲುವ ಶಕ್ತಿಯಿದೆ. ಆದರೆ ಕ್ಯಾನ್ಸರ್ ಹುಟ್ಟುವುದು ನಮ್ಮದೇ ಜೀವಕೋಶದಿಂದ, ಹಾಗಾಗಿ ಅದರ ಗುರುತು ಸುಲಭಕ್ಕೆ ಸಿಗದು. 1989ರಲ್ಲಿ ಇಸ್ರೇಲಿನ ಜೆಲಿಗ್ ಎಶ್ಹಾರ್ ಮತ್ತು ಸಂಗಡಿಗರು ಪ್ರತಿಕಾಯದ ಗುರುತು ಹಿಡಿಯುವ ಭಾಗವನ್ನು ಟಿ ಕಣಕ್ಕೆ ಜೋಡಿಸಿ ತೋರಿಸಿದರು. ಇವತ್ತಿನ ಕಾರ್-ಟಿ ಚಿಕಿತ್ಸೆಯ ಬೇರು ಇದು. ರೋಗಿಯ ರಕ್ತದಿಂದ ಟಿ ಕಣ ತೆಗೆದು, ಅಪಾಯ ಮಾಡದಂತೆ ಬದಲಿಸಿದ ವೈರಸ್ಸಿನ ಮೂಲಕ ಹೊಸ ಜೀನ್ ಸೇರಿಸಿ, ಬೆಳೆಸಿ, ಮತ್ತೆ ಅವರಿಗೇ ಏರಿಸುತ್ತಾರೆ.

2012ರಲ್ಲಿ ಫಿಲಡೆಲ್ಫಿಯಾದಲ್ಲಿ ರಕ್ತದ ಕ್ಯಾನ್ಸರ್ ಇದ್ದ ಆರು ವರ್ಷದ ಎಮಿಲಿ ವೈಟ್‌ಹೆಡ್‌ಗೆ ಈ ಚಿಕಿತ್ಸೆ ಕೊಟ್ಟರು. ಮದ್ದು ಕೆಲಸ ಮಾಡುವ ರಭಸಕ್ಕೆ ಮಗುವಿನ ಪ್ರಾಣವೇ ಹೋಗುವುದರಲ್ಲಿತ್ತು. ಕೀಲುವಾತಕ್ಕೆ ಕೊಡುವ ಒಂದು ಔಷಧಿ ಅವಳನ್ನು ಉಳಿಸಿತು. ಕ್ಯಾನ್ಸರ್ ಮಾಯವಾಯಿತು. ಆ ದಿನಗಳಲ್ಲಿ ಅವಳ ತಂದೆತಾಯಿ ಪಟ್ಟ ಪಾಡು ನೆನೆದರೆ ಈಗಲೂ ಎದೆ ಕಲಕುತ್ತದೆ.

2017ರಲ್ಲಿ ಅಮೆರಿಕ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಾಗ ಅದರ ಬೆಲೆ 4,75,000 ಡಾಲರ್, ಆಗಿನ ಲೆಕ್ಕಕ್ಕೆ ಮೂರು ಕೋಟಿ ರೂಪಾಯಿ! ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಶ್ರಮದಿಂದ ಹುಟ್ಟಿದ ಕಾರ್-ಟಿ ಮದ್ದು ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಕಿರಣ್ ಮಜುಂದಾರ್ ಷಾ, ಸಿದ್ಧಾರ್ಥ ಮುಖರ್ಜಿ ಮುಂತಾದವರು ಕಟ್ಟಿದ ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಇಂಥದೇ ಮದ್ದನ್ನು ತಂದಿತು. ಅದು ದುಗ್ಧಗ್ರಂಥಿಯ ಒಂದು ಬಗೆಯ ಕ್ಯಾನ್ಸರಿಗೆ. ಬೆಲೆ ಇಳಿದಿದ್ದರೂ ಲಕ್ಷಗಳಲ್ಲೇ ಇದೆ. ರೇಷ್ಮೆಗೂಡು ಮಾರಿ ಬದುಕುವ ಕುಟುಂಬ ಅಷ್ಟು ಹೊಂದಿಸಲಾರದು. ಸರ್ಕಾರದ ಆರೋಗ್ಯ ಯೋಜನೆಗಳು ಈ ಭಾರಕ್ಕೆ ಹೆಗಲು ಕೊಡಲೇಬೇಕು.

ಬಾಯಿ, ಸ್ತನದಂಥ ಗಟ್ಟಿ ಗೆಡ್ಡೆಗಳು ಇನ್ನೂ ಸುಲಭಕ್ಕೆ ಬಗ್ಗಿಲ್ಲ. ಅವು ಒಳಹೊಕ್ಕ ಟಿ ಕಣಗಳನ್ನೇ ದಣಿಸಿಬಿಡುತ್ತವೆ. ಅದಕ್ಕೇ ವಿಜ್ಞಾನಿಗಳು ಟಿ ಕಣಗಳಿಗೆ ಔಷಧಿಯನ್ನೂ ಹೊರಿಸುತ್ತಿದ್ದಾರೆ. 2010ರಲ್ಲಿ ಅಮೆರಿಕದ ಡ್ಯಾರೆಲ್ ಅರ್ವಿನ್ ತಂಡ ಟಿ ಕಣಗಳ ಮೈಗೆ ಔಷಧಿ ತುಂಬಿದ ನ್ಯಾನೋಕಣಗಳನ್ನು ಅಂಟಿಸಿ ಇಲಿಗಳಲ್ಲಿ ಪರೀಕ್ಷಿಸಿತು. ಗೆಡ್ಡೆಯ ಬಳಿಯೇ ಔಷಧಿಯನ್ನು ತಾವೇ ತಯಾರಿಸಿ ಸುರಿಸುವ ಟಿ ಕಣಗಳ ಪ್ರಯೋಗಗಳೂ ನಡೆದಿವೆ. ಇಡೀ ಮೈಗೆ ಹರಡಿದರೆ ವಿಷವಾಗುವ ಔಷಧಿಯನ್ನು ಬೇಕಾದ ಜಾಗಕ್ಕಷ್ಟೇ ಮುಟ್ಟಿಸುವುದು ಅವುಗಳ ಗುರಿ.