ಸೋಸದ ನೀರು

ಕಡಲನ್ನು ಕಂಡಿದ್ದೇವೆಂದು ನಾವು ಹೇಳುವುದುಂಟು. ಕಂಡದ್ದು ತೆರೆ, ನೊರೆ, ಬಣ್ಣ ಮಾತ್ರ; ಕವಿಗಳ ವರ್ಣನೆಯೂ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಒಳಗಿನ ಬಾಳು ಕಣ್ಣಿಗೆ ಬೀಳದು. ಕಾಣದ ಬಾಳಿನ ವಿಷಯದಲ್ಲಿ ಮನುಷ್ಯ ಎಷ್ಟು ಉದಾಸೀನನಾಗಬಲ್ಲನೆಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಮಾಂಟೆರೆ ಕೊಲ್ಲಿಯ ಕಥೆ ಸಾಕ್ಷಿಯಾಗಿದೆ.

ನಮ್ಮ ಕರಾವಳಿಯ ಬೂತಾಯಿಯ ಬಳಗಕ್ಕೆ ಹತ್ತಿರವಾದ ಸಾರ್ಡೀನ್ ಮೀನನ್ನು ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಗಳು ಆ ದಡದಲ್ಲಿ ಸಾಲುಗಟ್ಟಿದ್ದವು. ಸ್ಟೈನ್‌ಬೆಕ್ಕನ 'ಕ್ಯಾನರಿ ರೋ' (1945) ಕಾದಂಬರಿಯನ್ನು ಓದಿದವರಿಗೆ ಆ ಬೀದಿ ಪರಿಚಿತ. ಅದರಲ್ಲಿ ಬರುವ ಡಾಕ್‌ನ ಪಾತ್ರಕ್ಕೆ ಮಾದರಿಯಾದ ಎಡ್ ರಿಕೆಟ್ಸ್ ಎಂಬ ಜೀವವಿಜ್ಞಾನಿಯ ಪ್ರಯೋಗಶಾಲೆ ಅಲ್ಲೇ ಇತ್ತು. ಆತ 1948ರಲ್ಲಿ ತೀರಿಕೊಳ್ಳುವ ವೇಳೆಗಾಗಲೇ ಸಾರ್ಡೀನಿನ ಸಂಪತ್ತು ಕರಗತೊಡಗಿತ್ತು. ಮಿತಿಮೀರಿದ ಬೇಟೆಯ ಜೊತೆಗೆ ಕಡಲ ಸ್ಥಿತಿಯ ಏರುಪೇರೂ ಸೇರಿತ್ತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹಾವ್ಡನ್ ಕಾರ್ಖಾನೆ 1973ರವರೆಗೆ ಉಸಿರು ಹಿಡಿದುಕೊಂಡಿದ್ದು, ಕೊನೆಗೆ ಅದೂ ನಿಂತಿತು.

ಆ ಕಾರ್ಖಾನೆಯ ನಿವೇಶನದಲ್ಲಿ 1984ರ ಅಕ್ಟೋಬರ್ 20ರಂದು ಮಾಂಟೆರೆ ಬೇ ಅಕ್ವೇರಿಯಂ ತೆರೆಯಿತು. ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಸ್ಥಳದಲ್ಲಿ ಈಗ ಜೀವಂತ ಸಾರ್ಡೀನುಗಳು ಬೆಳ್ಳಿಯ ಸುಳಿಯಂತೆ ತಿರುಗುತ್ತವೆ.

ಇಲ್ಲಿನ ಮುಖ್ಯ ಆಕರ್ಷಣೆ 28 ಅಡಿ ಎತ್ತರದ ಕೊಳದೊಳಗೆ ಬೆಳೆಯುವ ಕೆಲ್ಪ್ ಕಾಡು. ಕೆಲ್ಪ್ ಒಂದು ಬಗೆಯ ದೈತ್ಯ ಕಡಲಪಾಚಿ. ಬೇರಿನಂತೆ ಕಾಣುವ ಅದರ ಬುಡ ಬಂಡೆಯನ್ನು ಹಿಡಿದಿರುತ್ತದೆಯೇ ಹೊರತು ಆಹಾರವನ್ನು ಹೀರುವುದಿಲ್ಲ. ಪೋಷಕಾಂಶಗಳನ್ನು ಎಲೆಯಂಥ ಪಟ್ಟಿಗಳೇ ಸುತ್ತಣ ನೀರಿನಿಂದ ಪಡೆಯಬೇಕು. ನೀರು ನಿಂತರೆ ಕೆಲ್ಪ್ ಸೊರಗುತ್ತದೆ. ಅದಕ್ಕೆಂದೇ ಯಂತ್ರವೊಂದು ಅಲೆಯನ್ನೆಬ್ಬಿಸುತ್ತದೆ. ತೆರೆದ ಮಾಡಿನಿಂದ ಬಿಸಿಲು ಇಳಿಯುತ್ತದೆ.

ಆದರೆ ನನ್ನನ್ನು ಹೆಚ್ಚು ಚಿಂತನೆಗೆ ಹಚ್ಚಿದ್ದು ನೀರಿನ ವ್ಯವಸ್ಥೆ. ಕೊಲ್ಲಿಯಿಂದ ಎತ್ತಿದ ನೀರನ್ನು ಹಗಲಿನಲ್ಲಿ ಸೋಸಿ ಬಿಡುತ್ತಾರೆ, ನೋಡುವವರಿಗೆ ಎಲ್ಲವೂ ಸ್ಪಷ್ಟವಾಗಿ ಕಾಣಲೆಂದು. ರಾತ್ರಿ ಸೋಸದೆ ಬಿಡುತ್ತಾರೆ. ಆ ಕಲಕುನೀರಿನೊಡನೆ ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳೂ ಎಷ್ಟೋ ಪ್ರಾಣಿಗಳ ಎಳೆಯ ಮರಿಗಳೂ ಬರುತ್ತವೆ. ಕೆಲವು ಅಲ್ಲಿರುವ ಜೀವಿಗಳಿಗೆ ಆಹಾರವಾಗುತ್ತವೆ. ಕೆಲವು ಬಂಡೆಗೆ ಅಂಟಿ ಕರೆಯದೆ ಬಂದ ಒಕ್ಕಲಾಗುತ್ತವೆ. ತಿಳಿನೀರು ನಮ್ಮ ಕಣ್ಣಿಗಾಗಿ. ಕಲಕುನೀರು ಅವುಗಳ ಬಾಳಿಗಾಗಿ.

ಡಬ್ಬಿಯ ವ್ಯಾಪಾರಿಗಳು ದಡಕ್ಕೆ ಬಂದ ಮೀನನ್ನು ತೂಗಬಲ್ಲವರಾಗಿದ್ದರು. ಆ ಮೀನನ್ನು ಸಾಕಿದ ಕಾಣದ ಲೋಕ ಅವರ ತಕ್ಕಡಿಗೆ ಬಂದಿರಲಿಲ್ಲ. ನಮ್ಮ ಬೂತಾಯಿಯೂ ಒಂದು ವರ್ಷ ರಾಶಿರಾಶಿಯಾಗಿ ಬಂದು, ಇನ್ನೊಂದು ವರ್ಷ ಮರೆಯಾಗುವ ಮೀನು. ಅದು ಮರೆಯಾದ ವರ್ಷ ಅದರ ಬೆಲೆಯನ್ನು ವಿಚಾರಿಸುವಷ್ಟೇ ಆಸ್ಥೆಯಿಂದ ಅದರ ಬಾಳನ್ನೂ ವಿಚಾರಿಸುವ ಅಭ್ಯಾಸ ನಮಗೆ ಬರಬೇಕಾಗಿದೆ.