ಕರಿ ಹಕ್ಕಿಯೆಲ್ಲ ಕಾಗೆಯಲ್ಲ



ಈ ಹೊತ್ತು ಗೊಬ್ಬರದ ಮಾತಲ್ಲ, ಬಿತ್ತನೆಯ ಮಾತೂ ಅಲ್ಲ. ನಿಮ್ಮ ಹೊಲಕ್ಕೆ ದಿನಾ ಬಂದುಹೋಗುವ ಹಕ್ಕಿಗಳನ್ನು ಗುರುತು ಹಿಡಿಯುವುದು ಹೇಗೆ ಅನ್ನೋದರ ಬಗ್ಗೆ ನಾಲ್ಕು ಮಾತು. "ಹಕ್ಕಿ ನೋಡುತ್ತಾ ಕೂತರೆ ಹೊಲ ಉಳೋರು ಯಾರು ಸ್ವಾಮಿ?" ಅಂತ ನೀವು ಕೇಳಬಹುದು. ಕೇಳುವುದು ನ್ಯಾಯವೇ. ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಆಮೇಲೆ ನೀವೇ ತೀರ್ಮಾನ ಮಾಡಿ.

ನಾನು ಹುಡುಗನಾಗಿದ್ದಾಗ ನಮ್ಮಪ್ಪ ನನ್ನನ್ನು ಕಡಲೆ ಹೊಲ ಕಾಯುವುದಕ್ಕೆ ಬಿಟ್ಟಿದ್ದರು. ಕೈಯಲ್ಲಿ ಕವಣೆ. ಬದುವಿನ ಜಾಲಿಮರದ ಮೇಲೆ ಕರ್ರಗಿನ ಹಕ್ಕಿಯೊಂದು ಕೂತಿತ್ತು. ಗಳಿಗೆಗೊಮ್ಮೆ ಸರ್ರನೆ ಪೈರಿಗೆ ಇಳಿಯುವುದು, ಏನನ್ನೋ ಕಚ್ಚಿಕೊಂಡು ಮತ್ತೆ ಕೊಂಬೆಗೆ ಬರುವುದು. ಕಡಲೆಕಾಯನ್ನೇ ಕೀಳುತ್ತಿದೆ ಎಂದು ತಿಳಿದು ಕಲ್ಲು ಬೀಸಿದೆ. ಗುರಿ ತಪ್ಪಲಿಲ್ಲ. ಶಹಭಾಸ್ ಅಂತಾರೆ ಎಂದುಕೊಂಡು ಹಕ್ಕಿಯನ್ನು ಎತ್ತಿಕೊಂಡು ಅಪ್ಪನ ಹತ್ತಿರ ಓಡಿದೆ. ಅವರು ಅದರ ಕೊಕ್ಕು ಬಿಡಿಸಿ ನೋಡಿದರು. ಒಳಗೆ ಇದ್ದದ್ದು ಹಸುರು ಹುಳು, ಕಾಯಿಕೊರಕ. "ಕಳ್ಳನ್ನ ಬಿಟ್ಟು ಕಾವಲುಗಾರನ್ನ ಹೊಡೆದೆಯಲ್ಲೋ" ಅಂದರು. ಮತ್ತೇನೂ ಅನ್ನಲಿಲ್ಲ. ಆ ಹಕ್ಕಿ ಕಾಜಾಣ.

ಅಂಥ ತಪ್ಪು ಆಗದೆ ಇರಬೇಕಾದರೆ ಹಕ್ಕಿ ಕಂಡಾಗ ಐದು ಸಂಗತಿ ನೋಡಬೇಕು: ಗಾತ್ರ, ಬಣ್ಣ, ಕೊಕ್ಕು, ಬಾಲ, ನಡತೆ.

ಗಾತ್ರಕ್ಕೆ ಅಳತೆಕೋಲು ಬೇಡ. ಪಕ್ಷಿತಜ್ಞ ಸಲೀಂ ಅಲಿಯವರು 1941ರಲ್ಲಿ ಹೊರತಂದ ಭಾರತದ ಹಕ್ಕಿಗಳ ಪುಸ್ತಕದಲ್ಲಿ, ಎಲ್ಲರಿಗೂ ಗೊತ್ತಿರುವ ಹಕ್ಕಿಗಳನ್ನೇ ಅಳತೆಗೆ ಇಟ್ಟುಕೊಂಡರು. ನಮಗೂ ಗುಬ್ಬಚ್ಚಿ, ಗೊರವಂಕ, ಪಾರಿವಾಳ, ಕಾಗೆ, ಹದ್ದು ಇಷ್ಟು ಸಾಕು. ಹೊಸ ಹಕ್ಕಿ ಕಂಡರೆ "ಗೊರವಂಕಕ್ಕಿಂತ ದೊಡ್ಡದು, ಕಾಗೆಗಿಂತ ಸಣ್ಣದು" ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಣ್ಣ ಒಂದನ್ನೇ ನಂಬಬೇಡಿ. ಬಿಸಿಲಿಗೆ ಎದುರಾಗಿ ಕೂತರೆ ಎಲ್ಲ ಹಕ್ಕಿಯೂ ಕರ್ರಗೆ ಕಾಣುತ್ತದೆ.

ಕೊಕ್ಕು ಹಕ್ಕಿಯ ಆಯುಧ. ಆಯುಧ ನೋಡಿದರೆ ಕಸುಬು ತಿಳಿಯುತ್ತದೆ. ಗುಬ್ಬಚ್ಚಿ, ಗೀಜಗಗಳ ಹಾಗೆ ಗಿಡ್ಡಗೆ ದಪ್ಪಗೆ ಇದ್ದರೆ ಕಾಳು ಒಡೆಯುವ ಕೊಕ್ಕು. ಬಲವಾಗಿ ಕೊಕ್ಕೆಯ ಹಾಗೆ ಬಾಗಿ, ಕಾಲಲ್ಲಿ ಚೂಪಾದ ಉಗುರು ಇದ್ದರೆ ಬೇಟೆಯ ಹಕ್ಕಿ.

ಈಗ ನಾಲ್ಕು ಕರಿ ಹಕ್ಕಿಗಳನ್ನು ಪರೀಕ್ಷೆ ಮಾಡೋಣ. ಮೊದಲನೆಯದು ಕಾಗೆ. ಊರಕಾಗೆಯ ಕತ್ತು ಬೂದಿ ಬಣ್ಣ. ಕಾಡುಕಾಗೆ ಪೂರಾ ಕಪ್ಪು, ಕೊಕ್ಕು ಇನ್ನೂ ದಪ್ಪ. ಎರಡನೆಯದು ಕೋಗಿಲೆ. ಗಂಡು ಹೊಳೆಯುವ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಪ್ಪಲ್ಲವೇ ಅಲ್ಲ. ಕಂದು ಮೈ ಮೇಲೆ ಬಿಳಿ ಚುಕ್ಕೆ. ಮರದ ಎಲೆಗಳ ಮರೆಯಲ್ಲೇ ಇದ್ದು ಹಣ್ಣು ತಿನ್ನುತ್ತದೆ. ಮೂರನೆಯದು ಕೆಂಬೂತ. ಕಾಗೆಯಷ್ಟು ಗಾತ್ರ, ಕರಿ ಮೈ, ಇಟ್ಟಿಗೆ ಬಣ್ಣದ ರೆಕ್ಕೆ. ನೆಲದ ಮೇಲೆ, ಬೇಲಿಯ ಸಂದಿಯಲ್ಲಿ ನಡೆದಾಡಿ ಹುಳು, ಬಸವನಹುಳು, ಓತಿಕೇತಗಳನ್ನು ಹಿಡಿಯುತ್ತದೆ. ಗಾದೆಯಲ್ಲಿ ನವಿಲನ್ನು ನೋಡಿ ಪುಕ್ಕ ಕೆದರಿಕೊಂಡದ್ದು ಇದೇ.

ನಾಲ್ಕನೆಯದು ನಮ್ಮ ಕಾಜಾಣ. ಮೈ ಗೊರವಂಕಕ್ಕಿಂತ ಸಣ್ಣದು, ಬಾಲ ಮಾತ್ರ ಉದ್ದ; ಬಾಲದ ತುದಿ ಕವಲೊಡೆದಿರುತ್ತದೆ. ಬೇರೆ ಯಾವುದನ್ನು ಮರೆತರೂ ಈ ಕವಲುಬಾಲವನ್ನು ಮರೆಯಬೇಡಿ. ಬಯಲಲ್ಲಿ, ತಂತಿಯ ಮೇಲೆ, ಮೇಯುವ ದನದ ಬೆನ್ನಿನ ಮೇಲೆ ಕೂತು ಹುಳುವಿಗಾಗಿ ಕಾಯುತ್ತದೆ. ಗೂಡಿನ ಹತ್ತಿರ ಬಂದರೆ ಕಾಗೆ, ಹದ್ದುಗಳನ್ನೂ ಅಟ್ಟಿಬಿಡುತ್ತದೆ.

ಕಡಲೆ, ತೊಗರಿ ಬೆಳೆದವರು ಇದನ್ನು ಕೆಲಸಕ್ಕೆ ಕರೆಯಬಹುದು. ಪೈರಿಗಿಂತ ಒಂದೆರಡು ಅಡಿ ಎತ್ತರ ನಿಲ್ಲುವಂತೆ ಕೋಲು ನೆಟ್ಟು, ತುದಿಗೆ ಅಡ್ಡಕಡ್ಡಿ ಕಟ್ಟಿ. ಎಕರೆಗೆ ಹದಿನೈದಿಪ್ಪತ್ತು ಸಾಕು. ಕೂರಲು ಜಾಗ ಸಿಕ್ಕರೆ ಕಾಜಾಣ ತಾನಾಗಿ ಬರುತ್ತದೆ. ಜೋಳ, ಬತ್ತದ ಹೊಲವಾದರೆ ಕಾಳು ಕಟ್ಟುವ ಹೊತ್ತಿಗೆ ಕೋಲು ಕಿತ್ತುಬಿಡಿ. ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗೂ ಅದೇ ಪೀಠವಾದೀತು.

ಇನ್ನು ಇರುಳಿನ ಕಾವಲುಗಾರ, ಕಣಜಗೂಬೆ. ಮುಖ ವೀಳ್ಯದೆಲೆಯ ಆಕಾರ, ಬೆಳ್ಳಗೆ. ಬೆನ್ನು ಹೊಂಬಣ್ಣ ಬೆರೆತ ಬೂದಿ. ಹಳೆಯ ಗುಡಿ, ಪಾಳುಮನೆಗಳಲ್ಲಿ ಹಗಲು ಕಳೆಯುತ್ತದೆ. ಇದನ್ನು ಅಪಶಕುನ ಎಂದು ಕಲ್ಲು ಹೊಡೆಯುವವರುಂಟು. ಅವರನ್ನು ಬೈಯುವುದು ಬೇಡ, ಹಗಲು ಹೊತ್ತು ಗೂಬೆ ಕೂರುವ ಜಾಗದ ಕೆಳಗೆ ಕರೆದುಕೊಂಡು ಹೋಗಿ. ಅಲ್ಲಿ ಕಪ್ಪನೆಯ ಒಣ ಉಂಡೆಗಳು ಬಿದ್ದಿರುತ್ತವೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು ಮೂಳೆಗಳನ್ನು ಉಂಡೆ ಮಾಡಿ ಕಕ್ಕುತ್ತದೆ. ಒಂದು ಉಂಡೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿ. ಇಲಿಯ ತಲೆಬುರುಡೆ ಸಿಕ್ಕಾಗ, ಶಕುನ ಯಾರಿಗೆ ಕೆಟ್ಟದ್ದು ಎಂಬುದು ತಾನೇ ಗೊತ್ತಾಗುತ್ತದೆ.

ಹಾಗಂತ ಎಲ್ಲ ಹಕ್ಕಿಯೂ ಉಪಕಾರಿ ಅಂತ ನಾನು ಹೇಳುವುದಿಲ್ಲ. ಗಿಳಿ, ಗೀಜಗಗಳು ತೆನೆಗೆ ಬೀಳುವುದು ನಿಮಗೇ ಗೊತ್ತು. ಆದರೆ ಗೀಜಗವೂ ಮರಿಗಳಿಗೆ ಹುಳು ಹಿಡಿದು ತಂದು ತಿನ್ನಿಸುತ್ತದೆ. ತೆನೆಗೆ ಬಂದಾಗ ತಮಟೆ ಬಡಿದು ಓಡಿಸಿ, ಕೊಲ್ಲಬೇಡಿ. ಕಾಡು ಹಕ್ಕಿಗಳನ್ನು ಕೊಲ್ಲುವುದು, ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧವೂ ಹೌದು.

ನಾಳೆ ಹೊಲಕ್ಕೆ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಬದುವಿನ ಮೇಲೆ ಅರ್ಧ ಗಳಿಗೆ ಸುಮ್ಮನೆ ಕೂತು ನೋಡಿ. ಯಾವ ಹಕ್ಕಿ ಬಂತು, ಎಲ್ಲಿ ಕೂತಿತು, ಏನು ಕಚ್ಚಿಕೊಂಡು ಹೋಯಿತು, ಇದನ್ನು ಮಕ್ಕಳು ಪಾಟಿಯ ಮೇಲೆ ಬರೆಯಲಿ. ಕಲ್ಲು ಎತ್ತುವ ಮೊದಲು ಕೊಕ್ಕಿನಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ಅವರಿಗೆ ಈಗಲೇ ಆಗಲಿ. ನನಗೆ ಅದು ತಡವಾಗಿ ಬಂತು.