ಹವ್ಯಾಸಿ ರೇಡಿಯೋ: ಮೊದಲ ಹೆಜ್ಜೆಗಳು



ರೇಡಿಯೋ ಎಂದೊಡನೆ ನಮಗೆ ನೆನಪಾಗುವುದು ಕೇಳುವ ಪೆಟ್ಟಿಗೆ. ಎಲ್ಲಿಯೋ ಒಬ್ಬರು ಮಾತನಾಡುವರು, ನಾವು ಕೇಳುವೆವು; ಮರುಮಾತಿಗೆ ಅಲ್ಲಿ ಅವಕಾಶವಿಲ್ಲ. ಆ ಅವಕಾಶವನ್ನು ಸಾಧಾರಣ ಗೃಹಸ್ಥನಿಗೂ ಒದಗಿಸುವ ವಿನೋದವೊಂದುಂಟು. ಅದಕ್ಕೆ ಹವ್ಯಾಸಿ ರೇಡಿಯೋ ಎಂದೂ, ರೂಢಿಯಲ್ಲಿ ಹ್ಯಾಮ್ ರೇಡಿಯೋ ಎಂದೂ ಹೆಸರು. ಬೀದರ, ಭಾಲ್ಕಿ, ಔರಾದ ಸೀಮೆಯ ತರುಣರು ಇದನ್ನು ಆರಂಭಿಸುವ ಬಗೆ ಹೇಗೆಂಬುದೇ ನಮ್ಮ ಇಂದಿನ ವಿಷಯ.

ಈ ಹವ್ಯಾಸವು ನಮ್ಮ ದೇಶಕ್ಕೆ ಹೊಸದಲ್ಲ. 1921ರಷ್ಟು ಹಿಂದೆಯೇ ಇಲ್ಲಿ ಹವ್ಯಾಸಿಗಳು ಇದ್ದರು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಅಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ಆರಂಭಿಸಿದ ನಿಲಯವೇ ‘ಆಕಾಶವಾಣಿ’. ಆ ಹೆಸರು ಮುಂದೆ ಇಡೀ ದೇಶದ ಪ್ರಸಾರಸಂಸ್ಥೆಯ ಹೆಸರಾಯಿತು.

ಕಿಸೆಯಲ್ಲಿ ಫೋನು ಇರುವಾಗ ಈ ತೊಡಕೇಕೆ ಎಂದು ಕೇಳುವವರುಂಟು. ಫೋನು ಗೋಪುರವನ್ನೂ, ಗೋಪುರವು ವಿದ್ಯುತ್ತನ್ನೂ ನೆಚ್ಚಿಕೊಂಡಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ಕಂಪಿಸಿ ಸುಮಾರು ಹತ್ತು ಸಾವಿರ ಜನರು ಮಡಿದರು. ಆಗ ಹವ್ಯಾಸಿಗಳು ಯಂತ್ರಗಳನ್ನು ಹೊತ್ತು ಹೋಗಿ ಸುದ್ದಿ ಸಾಗಿಸಿದರು. ಒಂದು ಮೋಟಾರು ಬ್ಯಾಟರಿ, ಒಂದು ಯಂತ್ರ, ಒಂದೆಳೆ ತಂತಿ: ಇಷ್ಟಿದ್ದರೆ ಅವರ ಕೆಲಸ ನಡೆಯುತ್ತದೆ. ಕನ್ನಡ, ಮರಾಠಿ, ತೆಲುಗು, ಉರ್ದುಗಳು ಬೆರೆತ ನಮ್ಮ ಗಡಿಸೀಮೆಯವನು ಅಂತಹ ಸಮಯದಲ್ಲಿ ಇಮ್ಮಡಿ ಉಪಯೋಗಿಯಾಗಬಲ್ಲನು.

ಮೊದಲನೆಯ ಹೆಜ್ಜೆ ಆಲಿಸುವುದು. ಹಗಲಿನಲ್ಲಿ 7 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ದೇಶದ ಹವ್ಯಾಸಿಗಳ ಸಂಭಾಷಣೆ ಕೇಳಬರುತ್ತದೆ. ಸಾಮಾನ್ಯ ಪೆಟ್ಟಿಗೆಯಲ್ಲಿ ಅದು ಬಾತುಕೋಳಿಯ ಕೂಗಿನಂತೆ ಕೇಳಿಸೀತು. ಅದಕ್ಕೆ ಏಕಪಾರ್ಶ್ವ ಪ್ರಸಾರವನ್ನು ಬಿಡಿಸಿ ಕೇಳಿಸುವ ಗ್ರಾಹಕಯಂತ್ರವೇ ಬೇಕು. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ತಾಳುವ ಮರ್ಯಾದೆಯನ್ನು ಕಿವಿಯಿಂದಲೇ ಕಲಿಯತಕ್ಕದ್ದು.

ಎರಡನೆಯದು ಪರೀಕ್ಷೆ. ಕೇಂದ್ರ ಸರ್ಕಾರದ ಪರವಾನಗಿಯಿಲ್ಲದೆ ಪ್ರಸಾರಗುಂಡಿಯನ್ನು ಒತ್ತುವುದು ಅಪರಾಧ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ವಿದ್ಯುತ್ತಿನ ಹಾಗೂ ರೇಡಿಯೋದ ಮೂಲತತ್ತ್ವಗಳು, ನಿಯಮಗಳು, ಇವೇ ವಿಷಯಗಳು. ತೇರ್ಗಡೆಯಾಗಿ ಪರವಾನಗಿ ಪಡೆದವನಿಗೆ ‘ವಿಯು’ ಎಂದು ಆರಂಭವಾಗುವ ಕರೆಹೆಸರೊಂದು ದೊರೆಯುತ್ತದೆ. ಲೋಕದಲ್ಲಿ ಮತ್ತೊಬ್ಬರಿಗೆ ಆ ಹೆಸರಿರದು. ವ್ಯಾಪಾರದ ಮಾತು, ಸಂಗೀತಪ್ರಸಾರ, ಗುಪ್ತಸಂಕೇತ ಇವು ಅಲ್ಲಿ ನಿಷಿದ್ಧ.

ಮೂರನೆಯದು ಏರಿಯಲ್. ಬೀದರದ ಕೋಟೆಯಿಂದ ಉತ್ತರಕ್ಕೆ ನೋಡಿದರೆ ಪ್ರಸ್ಥಭೂಮಿ ಇಳಿದು ಮಾಂಜರಾ ಕಣಿವೆ ಹರಡಿದೆ. ಕೈಯಲ್ಲಿ ಹಿಡಿಯುವ 145 ಮೆಗಾಹರ್ಟ್ಸಿನ ಯಂತ್ರದ ಅಲೆ ನೇರವಾಗಿ ಸಾಗುವುದರಿಂದ ದಿಣ್ಣೆ ಅಡ್ಡಬಂದಲ್ಲಿ ಕುಂದುತ್ತದೆ. ಭಾಲ್ಕಿಗೂ ಔರಾದಕ್ಕೂ 7 ಮೆಗಾಹರ್ಟ್ಸಿನ ದಾರಿಯೇ ಹೆಚ್ಚು ನೆಚ್ಚಿಕೆಯದು. 10 ಮೀಟರಿನ ಎರಡು ತಾಮ್ರದ ತಂತಿಗಳನ್ನು ನಡುವೆ ಕೂಡಿಸಿ, ಮನೆಯ ಮಾಳಿಗೆಯಿಂದ ಬೇವಿನ ಮರಕ್ಕೆ ಕಟ್ಟಿರಿ. ಹೆಚ್ಚು ಎತ್ತರ ಬೇಡ. ಅಲೆಯು ನೆತ್ತಿಯತ್ತ ಏರಿ, ಮೇಲಿನ ವಿದ್ಯುದ್ಯುಕ್ತ ವಾಯುಪದರಕ್ಕೆ ತಾಗಿ, ಮಳೆಯಂತೆ ನೆರೆಯ ತಾಲ್ಲೂಕುಗಳ ಮೇಲೆ ಇಳಿಯುತ್ತದೆ; ಕಣಿವೆಯ ತಡೆಯೇ ಇಲ್ಲ. ವಿದ್ಯುತ್ ಕಂಬಗಳ ತಂತಿಯಿಂದ ಮಾತ್ರ ದೂರವಿರಲಿ. ಗುಡುಗಿನ ಮೋಡ ಕವಿದರೆ ಏರಿಯಲನ್ನು ಯಂತ್ರದಿಂದ ಬಿಡಿಸಿಡಿರಿ.

ಕಷ್ಟಕಾಲಕ್ಕೆಂದು ಮೂಲೆಯಲ್ಲಿಟ್ಟ ಯಂತ್ರ ಕಷ್ಟಕಾಲಕ್ಕೆ ಒದಗದು. ಬೀದರದಲ್ಲೊಬ್ಬ, ಭಾಲ್ಕಿಯಲ್ಲೊಬ್ಬ, ಔರಾದದಲ್ಲೊಬ್ಬ ಪರವಾನಗಿ ಪಡೆದು, ವಾರಕ್ಕೊಮ್ಮೆ ಗೊತ್ತಾದ ವೇಳೆಗೆ ಪರಸ್ಪರ ಕರೆದು, ಕೇಳಿದ್ದನ್ನು ದಿನಚರಿಯಲ್ಲಿ ಬರೆದಿಡಲಿ. ಯಾವ ವೇಳೆಗೆ ಯಾವ ಅಲೆ ನಿಲುಕುವುದೆಂಬುದು ಒಂದು ವರ್ಷದಲ್ಲಿ ಅವರಿಗೆ ತಿಳಿದೀತು. ತಂತಿ, ಗೋಪುರಗಳು ಬಿದ್ದ ದಿನ ನಾಡಿಗೆ ಬೇಕಾಗುವುದು ಆ ತಿಳಿವೇ.